ಬಿಳಿ ದಂಡೆಯ ಮೌನ

ಅದು ಮೋಡವಲ್ಲ, ಮೋಡವಾಗಿದ್ದರೆ ಅಂಚು ಇಷ್ಟು ನೆಟ್ಟಗಿರುತ್ತಿರಲಿಲ್ಲ, ಮಂಜಿನ ಹಿಂದೆ ಒಂದು ಬಿಳಿ ಗೆರೆ, ಈಗ ಇದೆ, ಈಗ ಇಲ್ಲ, ದುರ್ಬೀನಿನ ಗಾಜು ಒರೆಸಿ ಮತ್ತೆ ಕಣ್ಣಿಟ್ಟರೆ ಮತ್ತೆ ಇದೆ — ಸುಣ್ಣದ ಬಂಡೆ, ಡೋವರ್, ಇಂಗ್ಲೆಂಡು, ಅಷ್ಟು ಹತ್ತಿರ, ಹಗಲು ಹನ್ನೆರಡಕ್ಕೆ ಇನ್ನು ಕಾಲು ಗಂಟೆ, ಮತ್ತು ನಾವು ಜರ್ಮನಿಯ ಮೂರು ದೊಡ್ಡ ಯುದ್ಧದ ಹಡಗುಗಳು, ಸುತ್ತ ಕಾವಲಿಗೆ ಸಣ್ಣವು ಎಷ್ಟೋ, ತಲೆಯ ಮೇಲೆ ನಮ್ಮವೇ ವಿಮಾನಗಳು, ದಿಬ್ಬಣ ಹೊರಟವರ ಹಾಗೆ ಶತ್ರುವಿನ ಅಂಗಳ ಹಾದು ಹೋಗುತ್ತಿದ್ದೇವೆ, ಯಾರಪ್ಪಾ ನೀವು ಎಂದು ಒಬ್ಬನೂ ಕೇಳುತ್ತಿಲ್ಲ, ಒಂದು ಗುಂಡಿಲ್ಲ, ಒಂದು ಹೊಗೆಯಿಲ್ಲ, ಇದು ಸರಿಯಿಲ್ಲ, ಹೀಗಿರುವುದು ಸಾಧ್ಯವೇ ಇಲ್ಲ. ನಾವು ಗೆದ್ದ ಫ್ರಾನ್ಸಿನ ಬ್ರೆಸ್ಟ್ ಬಂದರಿನಲ್ಲಿ ಹತ್ತಿರ ಹತ್ತಿರ ಒಂದು ವರ್ಷ ಗೂಟಕ್ಕೆ ಕಟ್ಟಿದ ಎತ್ತಿನ ಹಾಗೆ ನಿಂತಿದ್ದೆವು, ಇಂಗ್ಲಿಷರು ಬಂದು ಬಂದು ಬಾಂಬು ಸುರಿದು ಹೋಗುತ್ತಿದ್ದರು, ನಾವು ಕಟ್ಟೆಯಿಂದ ಕಟ್ಟೆಗೆ ಸರಿದರೂ ಮರುದಿನ ಅವರ ಬಾಂಬು ಹೊಸ ಜಾಗ ಹುಡುಕಿಕೊಂಡು ಬರುತ್ತಿತ್ತು, ಅಂಥವರಿಗೆ ನಿನ್ನೆ ಕತ್ತಲಾದ ಮೇಲೆ ಮೂರೂ ಹಡಗು ಹಗ್ಗ ಕಳಚಿಕೊಂಡು ಹೊರಟಿದ್ದು ಗೊತ್ತಾಗಲಿಲ್ಲವಂತೆ, ಬೆಳಗಾದ ಮೇಲೂ ಗೊತ್ತಾಗಲಿಲ್ಲವಂತೆ, ಯಾರು ನಂಬುತ್ತಾರೆ, ನಾನಂತೂ ನಂಬುವುದಿಲ್ಲ. ಏನೋ ಎನ್ನೋ, ಕಂಡ್ತಾ ನಿನ್ನ ಮಾವನ ಮನೆ, ಎಂದು ನನ್ನ ಹೆಸರು ಹಿಡಿದು ಪಕ್ಕದ ದುರ್ಬೀನಿನಿಂದ ಹಿನ್ನೆರ್ಕ್ ಕೂಗುತ್ತಾನೆ, ವಿಸ್ಮಾರ್ ಊರಿನ ಬೇಕರಿಯವನು, ಹಿಟ್ಟಿನ ಮೂಟೆಯಂಥ ಮೈ, ಊಟದ ವಿಷಯ ಬಿಟ್ಟು ಇನ್ನು ಯಾವುದರಲ್ಲೂ ಅನುಮಾನ ಗೊತ್ತಿಲ್ಲದ ಜೀವ. ಕಂಡಿತು ಎಂದೆ. ಹಾಗಾದ್ರೆ ಕೈ ಬೀಸು ಮಾರಾಯ, ಎಂದ.

ನಾನು ಕೈ ಬೀಸುವವನಲ್ಲ, ನಾನು ಪೆಟ್ಟಿಗೆ ಬಿಚ್ಚಿಸುವವನು. ಎನ್ನೋ ಫ್ರೇರ್ಕ್ಸ್, ಎಮ್ಡೆನ್ ಬಂದರಿನ ಸುಂಕದ ಕಟ್ಟೆಯಲ್ಲಿ ಹದಿನೇಳು ವರ್ಷ, ಯುದ್ಧ ಬಂದಿತೆಂದು ಈ ನೀಲಿ ಅಂಗಿ, ಈ ಅಟ್ಟಣೆ, ಎಡ ಮಗ್ಗುಲಿನ ಕಾವಲು, ಕಣ್ಣು ಚೆನ್ನಾಗಿದೆ ಎಂದು ಇಲ್ಲಿ ನಿಲ್ಲಿಸಿದರು, ಕಣ್ಣಲ್ಲ ಅದು, ಮೂಗು, ಬೆವರುತ್ತ ತಡವರಿಸುತ್ತ ಬರುವ ಪ್ರಯಾಣಿಕನನ್ನು ನಾನು ಎಂದೂ ತಡೆದವನಲ್ಲ, ಅವನು ಬಡಪಾಯಿ, ಎರಡು ಪೊಟ್ಟಣ ಹೊಗೆಸೊಪ್ಪು ಅಷ್ಟೆ, ನಗುತ್ತ ಬಂದು ನಾನು ಕೇಳುವ ಮೊದಲೇ ಮುಚ್ಚಳ ತೆರೆದು ನೋಡಿ ಸ್ವಾಮಿ ಅನ್ನುತ್ತಾನಲ್ಲ, ಅವನ ಪೆಟ್ಟಿಗೆಗೇ ಎರಡನೆಯ ತಳ ಇರುತ್ತದೆ, ಬೆರಳ ಗೆಣ್ಣಿನಿಂದ ತಟ್ಟಿದರೆ ಸದ್ದೇ ಹೇಳುತ್ತದೆ. ಈ ದಂಡೆಯೂ ಹಾಗೆಯೇ ತೆರೆದುಕೊಂಡು ಬಿದ್ದಿದೆ, ನೋಡಿ ಸ್ವಾಮಿ ಅನ್ನುತ್ತಿದೆ, ಇದಕ್ಕೆ ತಳ ಎಲ್ಲಿದೆ, ಮುಂದೆ ಕಡಲು ಇನ್ನೂ ಕಿರಿದಾಗುತ್ತದಲ್ಲ ಅಲ್ಲಿದೆ, ಅಲ್ಲಿ ಅವರ ದೊಡ್ಡ ಫಿರಂಗಿಗಳೆಲ್ಲ ಬಾಯಿ ತೆರೆದು ಕಾದಿವೆ, ಯಾಕೆಂದರೆ ಅವರಿಗೆ ಗೊತ್ತು, ಗೊತ್ತಿರಲೇಬೇಕು, ಯಾರೋ ಹೇಳಿದ್ದಾರೆ, ಯಾರು ಹೇಳಿದ್ದಾರೆಂಬುದೂ ನನಗೆ ಗೊತ್ತು, ನಾನೇ ಅಲ್ಲವೇ ಅವಳನ್ನು ಹಿಡಿದುಕೊಟ್ಟವನು. ಹಡಗಿನಲ್ಲಿ ಯಾರಿಗೂ ಗೊತ್ತಿಲ್ಲ, ಹಿನ್ನೆರ್ಕನಿಗೂ ಹೇಳಿಲ್ಲ, ಹೇಳಿದರೆ ಏನನ್ನುತ್ತಾನೋ, ನಿನ್ನೆ ಕಪ್ತಾನರು ಧ್ವನಿವರ್ಧಕದಲ್ಲಿ, ಇದು ಅಭ್ಯಾಸವಲ್ಲ, ನಾವು ಇಂಗ್ಲಿಷ್ ಕಾಲುವೆ ಸೀಳಿಕೊಂಡು ಮನೆಗೆ ಹೋಗ್ತಿದ್ದೀವಿ, ಅಂದಾಗ ಎಲ್ಲರೂ ಹೋ ಎಂದು ಟೋಪಿ ಎಸೆದರು, ನಾನು ಮಾತ್ರ ಎಸೆಯಲಿಲ್ಲ, ಅವಳಿಗೆ ಮೊದಲೇ ಗೊತ್ತಿತ್ತು, ನಮಗೇ ಗೊತ್ತಿಲ್ಲದ್ದು ಒಗೆಯುವ ಹೆಂಗಸಿಗೆ ಗೊತ್ತಿತ್ತು.

ಸ್ವಾಜಿಗ್, ಅವಳ ಹೆಸರು. ಬ್ರೆಸ್ಟಿನ ರೆಕೂವ್ರಾನ್ಸ್ ದಿಣ್ಣೆಯ ಮೇಲೆ ಕಲ್ಲಿನ ಒಗೆಮನೆ, ಹಿಂದೆ ಹಗ್ಗ ಕಟ್ಟಿದ ಹಿತ್ತಿಲು, ಅಲ್ಲಿ ನಿಂತರೆ ಇಡೀ ಬಂದರು ಕಾಲಡಿಗೆ ಕಾಣುತ್ತದೆ, ಮೊದಲ ದಿನವೇ ಅದನ್ನು ಗಮನಿಸಿದ್ದೆ, ಮನಸ್ಸಿನಲ್ಲಿ ಒಂದು ಗೀಟು ಹಾಕಿಕೊಂಡಿದ್ದೆ. ಐವತ್ತರ ಹತ್ತಿರದ ವಿಧವೆ, ಗಂಡನನ್ನು ಸಾರ್ಡೀನ್ ಮೀನಿನ ದೋಣಿ ನುಂಗಿತ್ತು, ಒಬ್ಬನೇ ಮಗ ನಮ್ಮ ದೇಶದಲ್ಲಿ ಯುದ್ಧಕೈದಿ, ಹಾಗೆಂದು ಅವಳು ಹೇಳುತ್ತಿದ್ದಳು, ನಾನು ಆ ಮಗನನ್ನು ಕಂಡಿಲ್ಲ, ಫೋಟೋ ತೋರಿಸಿದಳು, ಫೋಟೋ ಯಾರದಾದರೂ ಇರಬಹುದು. ಮುರುಕು ಜರ್ಮನಿನಲ್ಲಿ ಮಾತಾಡುತ್ತಿದ್ದಳು, ಕೆಲಸ ಏನ್ ಮಾಡ್ತಿದ್ರಿ ಊರಲ್ಲಿ ಎಂದು ಕೇಳಿ ಉತ್ತರ ಕೇಳಿ ಜೋರಾಗಿ ನಕ್ಕಳು, ಓಹೋ ಸುಂಕದವ್ರಾ, ಅದಕ್ಕೇ ಕೊಳೆ ಬಟ್ಟೇನೂ ಹೀಗೆ ಎಣಿಸಿ ಕೊಡ್ತೀರಿ, ನಾನೇನು ನಿಮ್ಮ ಕಾಲುಚೀಲ ಮಾರ್ಕೊಂಡು ಅರಮನೆ ಕಟ್ತೀನಾ. ಅಂದಿನಿಂದ ನಾನು ಸುಂಕದವರು, ಸುಂಕದವ್ರೇ ಬನ್ನಿ, ಸುಂಕದವ್ರೇ ಸೋಪು ತಂದ್ರಾ, ಸೋಪಿಲ್ಲದೆ ಒಗೆಯೋಕೆ ನಾನೇನು ಪವಾಡ ಮಾಡೋಳಾ. ನಾನು ಸೋಪು ಒಯ್ಯುತ್ತಿದ್ದೆ, ಅವಳು ಒಲೆಯ ಮೇಲೆ ಕಪ್ಪುಗೋಧಿಯ ದೋಸೆ ಹೊಯ್ದು ಕೊಡುತ್ತಿದ್ದಳು, ಹಿಟ್ಟು ಸಿಕ್ಕ ದಿನ ಮಾತ್ರ, ಅಂಚಿನಲ್ಲಿ ಗರಿಗರಿ, ಒಂದು ಸಲ ಊರಿನಿಂದ ಬಂದ ಚಹಾಪುಡಿ ಒಯ್ದು ನಮ್ಮ ಕಡೆಯ ಹಾಗೆ ಮಾಡಿ ತೋರಿಸಿದೆ, ಬಟ್ಟಲಿಗೆ ಮೊದಲು ಕಲ್ಲುಸಕ್ಕರೆಯ ಹರಳು, ಅದರ ಮೇಲೆ ಬಿಸಿ ಚಹಾ, ಹರಳು ಚಿಟ್ ಎಂದು ಸೀಳುವ ಸದ್ದು, ಅವಳು ಬಟ್ಟಲಿಗೆ ಕಿವಿ ಹಚ್ಚಿ ಕೇಳಿದಳು, ಇನ್ನೊಂದ್ಸಲ ಮಾಡಿ ಎಂದಳು, ನಾನು ಸಕ್ಕರೆಯ ಪೊಟ್ಟಣವನ್ನು ಅಲ್ಲೇ ಬಿಟ್ಟು ಬಂದೆ. ಮೂರನೆಯ ದಿನ ಅಂಚೆಯವನ ಕೈಯಲ್ಲಿ ಅದೇ ಹರಳು. ಬಾಗಿಲಲ್ಲಿ ನಿಂತು ಬಾಯಿಗೆ ಹಾಕಿಕೊಂಡು ಕಟುಂ ಕಟುಂ ಕಡಿಯುತ್ತಿದ್ದ, ಇಬ್ಬರೂ ಆ ಸೀಮೆಯ ಬ್ರೆತೋನ್ ಭಾಷೆಯಲ್ಲಿ, ಅದರಲ್ಲಿ ಒಂದಕ್ಷರ ನನಗೆ ಬಾರದು, ನನ್ನನ್ನು ಕಂಡು ಮಾತು ನಿಂತಿತು, ನಿಂತಿತೇ ಅಥವಾ ಮುಗಿದಿತ್ತೇ. ಮಗನ ಕಾಗದ ಬಂತು ಸುಂಕದವ್ರೇ, ಸಂತೋಷಕ್ಕೆ ಅವನಿಗೊಂದು ಹರಳು ಕೊಟ್ಟೆ, ಎಂದಳು, ಅವಳು ತಾನಾಗಿಯೇ ಹೇಳಿದಳು, ನಾನು ಕೇಳುವ ಮೊದಲೇ, ಮುಚ್ಚಳ ತೆರೆದು ತೋರಿಸುವವರ ಹಾಗೆ.

ಆಮೇಲೆ ಹಗ್ಗ ನೋಡತೊಡಗಿದೆ. ದಿಣ್ಣೆಯ ಮೇಲಿನ ಹಗ್ಗ ಹಡಗಿನ ಮೇಲಿಂದ ಚೆನ್ನಾಗಿ ಕಾಣುತ್ತದೆ, ಇದೇ ಕಾವಲಿನ ದುರ್ಬೀನು ತಿರುಗಿಸಿದರೆ ಬಟ್ಟೆಗೆ ಸಿಕ್ಕಿಸಿದ ಚಿಮುಟಿಗೆ ಕೂಡ ಎಣಿಸಬಹುದು, ಅವಳ ಹತ್ತಿರ ಒಗೆಸುವ ಊರ ಛತ್ರದವರ ದೊಡ್ಡ ಚಾದರಗಳು ಪ್ರತಿ ವಾರ ಮೂರು, ನಾವು ಮೂರು ದೊಡ್ಡ ಹಡಗು, ಮೂರು ಚಾದರ, ಮೊದಲಿಗೆ ನನಗೇ ನಗು ಬಂತು, ಆದರೆ ಜನವರಿಯ ಕೊನೆಯಲ್ಲಿ ಒಂದು ಹಡಗನ್ನು ರಿಪೇರಿಯ ಕಟ್ಟೆಗೆ ಸರಿಸಿದರು ನೋಡಿ, ಆ ವಾರ ಎರಡೇ ಚಾದರ. ನಗು ನಿಂತುಹೋಯಿತು. ಬರೆದಿಟ್ಟುಕೊಳ್ಳತೊಡಗಿದೆ, ಬಿಳಿ ಬಿಳಿ ನೀಲಿ, ನೀಲಿ ಬಿಳಿ ನೀಲಿ, ಅಂಗಿ ತಲೆಕೆಳಗು, ಚಾದರ ಎರಡು ಮಡಿಕೆ. ಮಂಗಳವಾರ ಆಜ್ಞೆ ಬಂತು, ಎಲ್ಲರೂ ಎಂದಿನಂತೆ ಬಟ್ಟೆ ಒಗೆಯಲು ಹಾಕಬೇಕು, ಊರಿನಲ್ಲಿ ಎಂದಿನಂತೆ ಕಾಣಿಸಿಕೊಳ್ಳಬೇಕು, ಕಟ್ಟೆಯ ಮೇಲೆ ಸೋಲಾ ಟೋಪಿಗಳ ಪೆಟ್ಟಿಗೆ ಇಳಿಸಿದ್ದರು, ಬಿಸಿಲ ದೇಶಕ್ಕೆ ಹೋಗುತ್ತೇವೆಂದು ಊರೆಲ್ಲ ಸುದ್ದಿ, ಇವೆಲ್ಲ ಯಾರ ಕಣ್ಣಿಗೋ ಮಣ್ಣು ಎಂದು ನನಗೆ ವಾಸನೆ ಬಡಿಯಿತು, ಆದರೆ ಎಲ್ಲಿಗೆ, ಯಾವಾಗ, ಗೊತ್ತಿರಲಿಲ್ಲ. ಎರಡು ಅಂಗಿ, ಒಂದು ಒಳಅಂಗಿ ತೆಗೆದುಕೊಂಡು ಹೋದೆ. ಅವಳು ಅಂಗಿಯನ್ನು ಬೆಳಕಿಗೆ ಹಿಡಿದು ಕೊರಳಪಟ್ಟಿ ನೋಡುತ್ತ, ಶುಕ್ರವಾರಕ್ಕೆ ಒಣಗತ್ತೆ ಎಂದಳು, ಆಮೇಲೆ ನನ್ನ ಕಡೆ ತಿರುಗಿ, ಶುಕ್ರವಾರ ನೀವು ಇಲ್ಲಿರ್ತೀರಾ, ಎಂದಳು, ನಕ್ಕಳು. ನಕ್ಕಳು. ನಾನು ಇರ್ತೀನಿ ಎಂದೆ, ಹೊರಗೆ ಬಂದೆ, ದಿಣ್ಣೆ ಇಳಿದೆ, ಹಡಗಿನ ಕಡೆ ತಿರುಗುವಲ್ಲಿ ಎಡಕ್ಕೆ ತಿರುಗಿದೆ, ಭದ್ರತೆಯ ಕಚೇರಿ. ಅಲ್ಲಿಯ ಅಧಿಕಾರಿ, ತೆಳು ತುಟಿ, ಬೆರಳಲ್ಲಿ ಶಾಯಿ, ನನ್ನ ಪಟ್ಟಿಯನ್ನು ನಿಧಾನವಾಗಿ ಓದಿದ, ಚಾದರ, ಅಂಚೆಯವ, ಶುಕ್ರವಾರ, ಒಳ್ಳೇ ಮೂಗು ಕಣ್ರೀ ನಿಮ್ದು ಎಂದ, ನಾಳೆ ಕರ್ಕೊಂಬಂದು ವಿಚಾರಿಸ್ತೀವಿ, ಈ ಹೊತ್ತಿನಲ್ಲಿ ಇಂಥವ್ರನ್ನ ಬಹಳ ದಿನ ಇಟ್ಕೊಂಡು ಕೂರೋದಿಲ್ಲ, ಗುರುವಾರ ಸಂಜೆಯೊಳಗೆ ಮುಗಿಸ್ಬಿಡ್ತೀವಿ. ಏನನ್ನು ಮುಗಿಸುವುದು ಎಂದು ನಾನು ಕೇಳಲಿಲ್ಲ. ಕೇಳಿದ್ದು ಒಂದೇ, ಅವಳ ಹತ್ರ ಏನೂ ಇಲ್ದೇ ಇದ್ರೆ? ಅವನು ಪಟ್ಟಿ ಮಡಿಚಿದ, ಏನೂ ಇಲ್ಲಾಂತ ತೋರ್ಸೋದು ಹೇಗೆ ನೀವೇ ಹೇಳಿ, ಎಂದ. ಇವತ್ತು ಗುರುವಾರ.

ಹನ್ನೆರಡಾಯಿತು. ಕಿರಿದಾದ ಜಾಗ ಬಂತು, ಬಲಕ್ಕೆ ಫ್ರಾನ್ಸ್, ಎಡಕ್ಕೆ ಆ ಗೆರೆ, ಮಧ್ಯೆ ಬೂದು ನೀರು, ಈಗ, ಈಗ ಹಾರಿಸಬೇಕು, ಇನ್ನೆಲ್ಲಿ ಹಾರಿಸುತ್ತಾರೆ, ಎಂಜಿನ್ನಿನ ನಡುಕ ಪಾದದಿಂದ ಹಲ್ಲಿನವರೆಗೆ ಬರುತ್ತಿದೆ, ಗಾಜಿನೊಳಗೆ ದಂಡೆ ತೇಲಿ ಮುಳುಗಿ ತೇಲಿ, ಹಾರಿಸ್ರೋ, ಯಾಕೆ ಹಾರಿಸ್ತಿಲ್ಲ. ನಿದ್ದೆ ಮಾಡ್ತಾವ್ರೆ ಕಣೋ, ಎಂದ ಹಿನ್ನೆರ್ಕ್, ಗುರುವಾರ ಅವ್ರಿಗೆ ರಜೆ ಇರ್ಬೇಕು, ನಿನ್ನೆ ಮೂರು ದೊಡ್ಡ ಮನೆ ಎದ್ದು ನಡ್ಕೊಂಡು ಹೋದ್ರೂ ಗೊತ್ತಾಗಿಲ್ಲ ಅಂದ್ರೆ ಬ್ರೆಸ್ಟಲ್ಲಿ ಅವ್ರ ಕಡೆಯೋನು ಒಬ್ಬನೂ ಇಲ್ಲ ನೋಡು. ಇದ್ದಾರೆ, ಎಂದೆ. ಯಾರು? ಸುಮ್ಮನೆ ಹೇಳಿದೆ ಅಂದೆ. ಅವನು ಜೇಬಿನಿಂದ ಬ್ರೆಡ್ಡಿನ ತುಂಡು ತೆಗೆದು ಕಚ್ಚುತ್ತ, ದುರ್ಬೀನು ಬಿಡದೆ, ಅಯ್ಯೋ ನನ್ನ ಅಂಗಿ ಹೋಯ್ತಲ್ಲೋ, ಆ ಸ್ವಾಜಿಗ್ ಹೆಂಗಸಿನ ಹತ್ರಾನೇ ಉಳೀತು, ಶುಕ್ರವಾರ ಇರ್ತೀರಾ ಅಂತ ಕೇಳ್ತು ಪಾಪ, ಓ ಇರ್ತೀನಿ ಅಂತ ಹೇಳ್ಬಂದೆ. ನಾನು ಗಾಜಿನಿಂದ ಕಣ್ಣು ತೆಗೆದು ಅವನ ಕಡೆ ತಿರುಗಿದೆ. ನಿನ್ನೂ ಕೇಳಿದ್ಲಾ? ಎಲ್ರನ್ನೂ ಕೇಳ್ತಾಳೆ ಮಾರಾಯ, ಎಲ್ಲಾ ವಾರಾನೂ ಕೇಳ್ತಾಳೆ, ನಾವಿಕರು ಬಟ್ಟೆ ಕೊಟ್ಟು ಹಡಗು ಹತ್ತಿ ಹೋಗ್ಬಿಡ್ತಾರೆ, ಆಮೇಲೆ ಮನೆ ತುಂಬ ಸತ್ತೋರ ಅಂಗಿ ಇಟ್ಕೊಂಡು ನಾನೇನ್ ಮಾಡ್ಲಿ ಅಂತಾಳೆ, ನಿಂಗೆ ಹೇಳಿಲ್ವಾ. ನನಗೆ ಹೇಳಿಲ್ಲ, ಅಥವಾ ಹೇಳಿದ್ದಳೇನೋ, ಹೇಳಿದ್ದಳು, ಅಟ್ಟದ ಮೇಲೆ ಬುಟ್ಟಿಯಲ್ಲಿ ಮಡಿಚಿಟ್ಟ ಅಂಗಿಗಳನ್ನು ತೋರಿಸಿದ್ದಳು, ಯಾರ್ಯಾರದೋ, ಇನ್ನು ಬಾರದವರದು, ನಾನು ಅವನ್ನೂ ಎಣಿಸಿದ್ದೆ, ಹೆಸರು ಹೊಲಿದ ಪಟ್ಟಿಗಳನ್ನು ಓದಿ, ಇವಳು ನಮ್ಮವರ ಹೆಸರುಗಳನ್ನು ಯಾಕೆ ಇಟ್ಟುಕೊಂಡಿದ್ದಾಳೆ ಎಂದು ಇನ್ನೊಂದು ಗೀಟು ಹಾಕಿಕೊಂಡಿದ್ದೆ.

ಇರಲಿ, ಚಾದರ ಇದೆಯಲ್ಲ, ಚಾದರಕ್ಕೆ ಏನು ಹೇಳುತ್ತಾನೆ ಇವನು. ಹಿನ್ನೆರ್ಕ್, ಅವಳ ಹಗ್ಗದ ಮೇಲೆ ಚಾದರ ನೋಡಿದ್ದೀಯಾ ಎಂದೆ, ಧ್ವನಿ ಆದಷ್ಟು ಹಗುರ ಮಾಡಿಕೊಂಡು. ಅವನ ಕೊರಳು ಕೆಂಪಾಯಿತು, ನಿಂಗ್ಯಾರು ಹೇಳಿದ್ರು? ಏನನ್ನು? ಅದೇ ಚಾದರದ್ದು, ಹಾಳಾಗ್ಲಿ, ಮೇಲಿನೋರಿಗೆ ಹೇಳ್ಬೇಡ, ಹೆಂಡ್ತಿ ಕಿಟಕಿಗೆ ಪರದೆ ಇಲ್ಲಾಂತ ಕಾಗದ ಬರ್ದು ಬರ್ದು ಪ್ರಾಣ ತಿಂತಿದ್ಲು, ಛತ್ರದ್ದು ಒಂದು ಚಾದರ ಮೂಲೆ ಹರಿದಿತ್ತು, ಜನವರೀಲಿ ಗೋಗರೆದು ಇಸ್ಕೊಂಡೆ, ಅರ್ಧ ಬಿಲ್ಲೆ ಸೋಪು ಕೊಟ್ಟೆ ಕಣೋ, ಪುಕ್ಕಟೆ ಅಲ್ಲ, ಛತ್ರದವ್ರಿಗೆ ಗಾಳಿಗೆ ಹಾರ್ಹೋಯ್ತು ಅಂತ ಹೇಳ್ತೀನಿ ಅಂದ್ಲು, ಕೆಳಗೆ ನನ್ನ ಚೀಲದಲ್ಲಿದೆ, ಬೇಕಾದ್ರೆ ನೋಡ್ಕೋ. ಚೀಲದಲ್ಲಿದೆ. ನನ್ನ ತೂಗುಮಂಚದಿಂದ ಎರಡು ಮೊಳ ದೂರದಲ್ಲಿ ಎರಡು ವಾರದಿಂದ ಇದೆ, ನನ್ನ ಮೂರನೆಯ ಚಾದರ, ನಾನು ರಿಪೇರಿಯ ಕಟ್ಟೆಗೆ ಸೇರಿಸಿ ಬರೆದ ಚಾದರ, ಇವನ ಹೆಂಡತಿಯ ಕಿಟಕಿ. ಇದು ಸುಳ್ಳಿರಬೇಕು, ಇವನೂ ಅವಳ ಜೊತೆಗಿರಬೇಕು, ಥೂ, ಹಿನ್ನೆರ್ಕ್, ಬ್ರೆಡ್ಡು ಅಗಿಯುತ್ತ ಬೆನ್ನು ಕೆರೆದುಕೊಳ್ಳುತ್ತಿರುವ ಹಿನ್ನೆರ್ಕ್, ಎಲ್ಲಿಗೆ ಬಂತು ನನ್ನ ಬುದ್ಧಿ. ಆಗ ಹೊಳೆಯಿತು, ಇನ್ನೊಂದು ದಾರಿ ಇದೆ, ಚಾದರವೂ ಬೇಡ ಶುಕ್ರವಾರವೂ ಬೇಡ, ಆ ದಂಡೆಯೇ ಸಾಕ್ಷಿ ಹೇಳಲಿ, ಅವಳು ಹೇಳಿದ್ದರೆ ಅವರಿಗೆ ಗೊತ್ತಿರುತ್ತದೆ, ಗೊತ್ತಿದ್ದರೆ ಹಾರಿಸುತ್ತಾರೆ, ಹಾರಿಸಿದರೆ ನಾನು ಸರಿ. ಹಾರಿಸದಿದ್ದರೆ. ಹಾರಿಸದೆ ನಾವು ಹಾದು ಹೋದ ಒಂದೊಂದು ಮೈಲಿಯೂ ಅವಳ ಪರವಾಗಿ ಬಂದು ನಿಲ್ಲುತ್ತದೆ, ಏನೂ ಇಲ್ಲಾಂತ ತೋರ್ಸೋದು ಹೇಗೆ ಅಂದನಲ್ಲ ಆ ಕಚೇರಿಯವನು, ಹೀಗೆ, ಇಗೋ ಹೀಗೆ, ಇಷ್ಟು ದೊಡ್ಡ ಮೌನದಿಂದ. ಸಾವಿರದ ಮೇಲೆ ಜನ ಈ ಹಡಗಿನಲ್ಲಿದ್ದಾರೆ, ಹಿನ್ನೆರ್ಕನಿದ್ದಾನೆ, ಅವನ ಹೆಂಡತಿಯ ಪರದೆಯಿದೆ, ನಾನು ಎಡ ಮಗ್ಗುಲಿನ ಕಾವಲುಗಾರ, ನಾನು ನಿಂತು ಬೇಡಿಕೊಳ್ಳುತ್ತಿದ್ದೇನೆ, ದೇವರೇ ಹಾರಿಸಲಿ, ಒಂದೇ ಒಂದು, ನಮ್ಮ ಮೇಲೆ ಹಾರಿಸಲಿ.

ಹಾರಿಸಿದರು. ಹನ್ನೆರಡೂ ಇಪ್ಪತ್ತು ಇರಬೇಕು, ಮಂಜಿನಲ್ಲಿ ಕಿತ್ತಳೆ ಬಣ್ಣದ ಒಂದು ಮಿಣುಕು, ಆಮೇಲೆ ಬಹಳ ಹೊತ್ತು ಏನಿಲ್ಲ, ಆಮೇಲೆ ಗಾಳಿ ಹರಿದ ಸದ್ದು, ನೀರಿನ ಕಂಬ ಎದ್ದಿತು, ಬಿಳಿ, ಎತ್ತರ, ಹಾರಿಸಿದ್ರು ಹಾರಿಸಿದ್ರು ಎಂದು ನಾನು ಕುಣಿದೆ, ಕೂಗಿದೆ, ಪಕ್ಕದವನ ಹೆಗಲಿಗೆ ಹೊಡೆದೆ, ಗೊತ್ತಿತ್ತು ಕಣೋ ಅವ್ರಿಗೆ ಗೊತ್ತಿತ್ತು, ಹಿನ್ನೆರ್ಕ್ ದುರ್ಬೀನಿನಿಂದ ಮುಖ ಎತ್ತಿ ನನ್ನನ್ನೇ ನೋಡಿದ, ಬಾಯಲ್ಲಿ ಬ್ರೆಡ್ಡು ಹಾಗೇ ಇತ್ತು, ಹುಚ್ಚು ಹಿಡೀತೇನೋ ನಿಂಗೆ, ನಮ್ಮ ಮೇಲೆ ಹಾರಿಸ್ತಾವ್ರೆ ನೀನು ನಗ್ತೀಯಲ್ಲೋ. ಇನ್ನೊಂದು ಕಂಬ, ಇನ್ನೆರಡು. ಎಲ್ಲಿ ಬಿದ್ದವು. ಹಿಂದೆ, ನಮ್ಮ ಹಿಂದೆ, ಬಹಳ ಹಿಂದೆ, ನಾವು ಬಿಟ್ಟು ಬಂದ ನೀರಿನಲ್ಲಿ, ಮುಂದಿನದು ಇನ್ನೂ ಹಿಂದೆ, ಕತ್ತಲ ಕೋಣೆಯಲ್ಲಿ ಬೆಕ್ಕಿಗೆ ಚಪ್ಪಲಿ ಎಸೆಯುವವರ ಹಾಗೆ ಎಸೆಯುತ್ತಿದ್ದಾರೆ, ಕಾದು ಕುಳಿತವರು ಹೀಗೆ ಹೊಡೆಯುವುದಿಲ್ಲ, ಗುರಿ ಕಟ್ಟಿಟ್ಟುಕೊಂಡವರು ಹೀಗೆ ಹೊಡೆಯುವುದಿಲ್ಲ, ಇದು ಊಟಕ್ಕೆ ಕುಳಿತಿದ್ದವನು ತಟ್ಟೆ ಬಿಟ್ಟು ಎದ್ದು ಓಡಿ ಬಂದು ಹೊಡೆದ ಹಾಗಿದೆ, ಅನುಭವಸ್ಥನಾದ ನನಗೆ ಗೊತ್ತಾಗುವುದಿಲ್ಲವೇ, ಕಳ್ಳ ತಡವರಿಸುವುದು ಬೇರೆ, ಬೆಚ್ಚಿಬಿದ್ದವನು ತಡವರಿಸುವುದು ಬೇರೆ. ಅವರು ಬೆಚ್ಚಿಬಿದ್ದಿದ್ದಾರೆ. ಕಾಲು ಗಂಟೆಯೊಳಗೆ ಅದೂ ನಿಂತಿತು, ಮಂಜು ಮುಚ್ಚಿಕೊಂಡಿತು, ಮೌನ. ಇನ್ನೂ ಏನೋ ಇರಬೇಕು, ಇನ್ನೊಂದು ತಳ ಇರಬೇಕು ಎಂದುಕೊಂಡೆ, ಫಿರಂಗಿ ಬರೀ ನೆಪ, ಇನ್ನು ವಿಮಾನಗಳ ಮೋಡವೇ ಬರುತ್ತದೆ, ನೂರು, ಇನ್ನೂರು.

ಆರು ಬಂದವು. ಎಡಕ್ಕೆ, ನೀರಿಗೆ ತಾಗಿ, ವಿಮಾನ ಎಂದು ಕೂಗಬೇಕಾದವನು ಒಂದು ಕ್ಷಣ ಕೂಗಲಿಲ್ಲ, ಇವು ಯಾವುವು ಎಂದು ನನಗೆ ತಿಳಿಯಲಿಲ್ಲ, ಎರಡೆರಡು ಅಂತಸ್ತಿನ ರೆಕ್ಕೆ, ನಡುವೆ ಕಡ್ಡಿ ತಂತಿ, ಬಟ್ಟೆ ಬಿಗಿದ ರೆಕ್ಕೆ, ಹಿಂದಿನ ಯುದ್ಧದಿಂದ ದಾರಿ ತಪ್ಪಿ ಬಂದವುಗಳ ಹಾಗೆ, ನಿಧಾನ, ಎಷ್ಟು ನಿಧಾನವೆಂದರೆ ನಮ್ಮ ವಿಮಾನಗಳು ಅವುಗಳ ಹಿಂದೆ ನಿಲ್ಲಲಾರದೆ ಮುಂದೆ ಹಾರಿ ಮತ್ತೆ ಸುತ್ತಿ ಬರುತ್ತಿದ್ದವು, ಒಂದೊಂದರ ಹೊಟ್ಟೆಯ ಕೆಳಗೆ ಒಂದು ಟಾರ್ಪಿಡೊ. ಆಮೇಲೆ ಕೂಗಿದೆ. ಹಡಗಿನ ಫಿರಂಗಿಗಳೆಲ್ಲ ಒಟ್ಟಿಗೆ ಬಾಯಿಬಿಟ್ಟವು, ಕಿವಿ ಹೋಯಿತು, ಅವು ತಿರುಗಲಿಲ್ಲ, ಓರೆಯಾಗಲಿಲ್ಲ, ನೆಟ್ಟಗೆ ಬಂದವು, ರೆಕ್ಕೆಯ ಬಟ್ಟೆ ಚಿಂದಿ ಚಿಂದಿಯಾಗಿ ಹಾರುತ್ತಿತ್ತು, ಗಾಜಿನೊಳಗೆ ಒಂದು ನನ್ನ ಮುಖಕ್ಕೇ ಬಂದಷ್ಟು ಹತ್ತಿರ ಬಂತು, ಹಿಂದೆ ಕುಳಿತವನು ಎದ್ದು ಬಾಲದ ಮೇಲೆ ಬಾಗಿದ್ದ, ಅಲ್ಲಿ ಬೆಂಕಿ ಹತ್ತಿತ್ತು, ಬರಿಗೈಯಲ್ಲಿ ಬಡಿಯುತ್ತಿದ್ದ, ಎರಡೂ ಕೈಯಲ್ಲಿ, ಆ ಕೈ — ಬೇಡ, ಅದು ಬೇಡ. ನೀರು. ಒಂದು ಬಿತ್ತು, ಎರಡು, ಆರೂ ಬಿದ್ದವು, ನಮಗೆ ಒಂದೂ ತಾಗಲಿಲ್ಲ, ಸುತ್ತ ಎಲ್ಲರೂ ಕೇಕೆ ಹಾಕುತ್ತಿದ್ದರು, ಹಿನ್ನೆರ್ಕ್ ಹಾಕಲಿಲ್ಲ, ಟೋಪಿ ತೆಗೆದು ಕೈಯಲ್ಲಿ ಹಿಡಿದಿದ್ದ, ಇವ್ರ ಹತ್ರ ಬೇರೇನೂ ಇರ್ಲಿಲ್ವೇನೋ ಎನ್ನೋ, ಕೈಗೆ ಸಿಕ್ಕಿದ್ದನ್ನ ಕಳ್ಸವ್ರೆ ಪಾಪ. ಕೈಗೆ ಸಿಕ್ಕಿದ್ದು. ಹೌದು. ಬುಧವಾರವೇ ಗೊತ್ತಿದ್ದವರು ಗುರುವಾರ ಮಧ್ಯಾಹ್ನ ಈ ಆರು ಬಟ್ಟೆಯ ಹಕ್ಕಿಗಳನ್ನು ಕಳಿಸುತ್ತಾರೆಯೇ, ಆ ಮಕ್ಕಳು ಬಂದು ಬಿದ್ದು ನನಗೆ ಹೇಳಿಹೋದರು, ಯಾರೂ ನಮಗೆ ಹೇಳಿರಲಿಲ್ಲ ಸ್ವಾಮಿ, ಯಾರೂ ಹೇಳಿರಲಿಲ್ಲ.

ಧ್ವನಿವರ್ಧಕ ಗೊರಗೊರ ಅಂದಿತು, ಕಪ್ತಾನರು, ಅವರ ನಗು ನನಗೆ ಮೊದಲ ಸಲ ಕೇಳಿದ್ದು, ಹುಡುಗ್ರಾ, ಕಡಲಿನ ಇಕ್ಕಟ್ಟು ದಾಟಿದ್ವಿ, ಶತ್ರುವಿಗೆ ಕೊನೇ ಗಳಿಗೆವರೆಗೂ ಏನೇನೂ ಗೊತ್ತಿರ್ಲಿಲ್ಲ, ಬ್ರೆಸ್ಟಿನಿಂದ ಒಂದು ಪಿಸುಮಾತೂ ಹೊರಗೆ ಹೋಗಿಲ್ಲ. ಎಲ್ಲರಿಗೂ ಬಿಸಿ ಬಟಾಣಿ ಸೂಪು ಬಂತು. ನಾನು ಕಾವಲು ಹಿನ್ನೆರ್ಕನಿಗೆ ಒಪ್ಪಿಸಿ ಎರಡು ಏಣಿ ಇಳಿದೆ, ಬ್ರೂನ್ಸ್ ಸಾಹೇಬರು ತಂತಿಕೋಣೆಯ ಬಾಗಿಲಲ್ಲಿ ನಿಂತು ಸೂಪು ಕುಡಿಯುತ್ತಿದ್ದರು, ಸಂದೇಶಗಳ ಲೆಫ್ಟಿನೆಂಟ್, ನನಗಿಂತ ಹತ್ತು ವರ್ಷ ಚಿಕ್ಕವರು, ಒಳ್ಳೆಯವರು. ಸಾರ್, ಬ್ರೆಸ್ಟಿಗೆ ಒಂದು ಸಂದೇಶ ಹೋಗ್ಬೇಕು ಎಂದೆ. ಯಾರ್ದು ಆಜ್ಞೆ? ಯಾರದೂ ಅಲ್ಲ ಸಾರ್, ನಾನೇ, ಒಬ್ಬ ಹೆಂಗಸು, ಒಗೆಯೋಳು, ನಾನು ತಪ್ಪು ಮಾಹಿತಿ ಕೊಟ್ಟೆ, ಅವಳು ಏನೂ ಮಾಡಿಲ್ಲ, ಇವತ್ತು ಸಂಜೆಯೊಳಗೆ ಭದ್ರತೆಯ ಕಚೇರಿಗೆ ತಿಳಿಸ್ಬೇಕು. ಅವರು ಚಮಚ ಇಳಿಸಿದರು, ನನ್ನನ್ನು ಮೇಲಿಂದ ಕೆಳಗೆ ನೋಡಿದರು, ಅದು ನನಗೆ ಗೊತ್ತಿರುವ ನೋಟ, ಹದಿನೇಳು ವರ್ಷ ನಾನೇ ಜನರನ್ನು ನೋಡಿದ ನೋಟ, ಇವನು ಯಾಕೆ ಹೀಗೆ ಕೇಳುತ್ತಾನೆ, ಇವನ ತಳ ಎಲ್ಲಿದೆ. ಫ್ರೇರ್ಕ್ಸ್, ಈ ಹಡಗು ಬಾಯಿ ಮುಚ್ಕೊಂಡಿದ್ದಕ್ಕೇ ನಾವು ಬದುಕಿರೋದು, ಈಗ ಒಗೆಯೋಳಿಗೋಸ್ಕರ ಬಾಯಿ ತೆಗೆಯೋಣ್ವಾ? ಸಾರ್, ಮೂರೇ ಪದ ಸಾರ್. ಒಂದಕ್ಷರಾನೂ ಇಲ್ಲ, ಮನೆ ಮುಟ್ಟಿದ ಮೇಲೆ ಬರ್ದು ಕೊಡು, ಅಂಚೇಲಿ ಕಳಿಸೋಣ, ಅಲ್ಲ, ಆ ಹೆಂಗಸಿಗೂ ನಿಂಗೂ ಏನು ಸಂಬಂಧ? ಅದನ್ನು ಹೇಳಲು ಬಾಯಿ ತೆರೆದೆ. ಏನಿತ್ತು. ಅಂಚೆಯವನ ಬಾಯಲ್ಲಿ ಆ ಹರಳು ಕಟುಂ ಎಂದಾಗ ನನ್ನ ಎದೆಯಲ್ಲಿ ಎದ್ದದ್ದು ದೇಶವೇ, ಹಡಗೇ, ನಾನು ಯಾರಿಗೋ ಕೊಟ್ಟದ್ದನ್ನು ಇನ್ಯಾರೋ ತಿನ್ನುತ್ತಿದ್ದ, ಅಷ್ಟೆ, ಅಷ್ಟಕ್ಕೇ ನಾನು ಕಾಗದ ಪೆನ್ಸಿಲು ತೆಗೆದುಕೊಂಡು ಹಗ್ಗ ನೋಡಲು ಕುಳಿತೆ, ಅಷ್ಟಕ್ಕೇ. ಸಂಬಂಧ ಏನೂ ಇಲ್ಲ ಸಾರ್, ಎಂದೆ. ಹಾಗಾದ್ರೆ ನಿನ್ನ ಜಾಗಕ್ಕೆ ಹೋಗು.

ಎರಡೂವರೆಗೆ ನೀರಿನಡಿಯ ಸಿಡಿಗುಂಡಿಗೆ ಜೊತೆಯ ಹಡಗೊಂದು ತಾಗಿ ನಿಂತಿತು, ಆಮೇಲೆ ಕುಂಟುತ್ತ ಹೊರಟಿತು, ಮೋಡ ಇಳಿಯಿತು, ಈಗ ಅವರ ವಿಮಾನಗಳು ಹಿಂಡು ಹಿಂಡಾಗಿ ಬರುತ್ತಿವೆ, ತಡವಾಗಿ, ಮೋಡದಲ್ಲಿ ನಮ್ಮನ್ನು ಹುಡುಕಲಾರದೆ ಎಲ್ಲೆಲ್ಲೋ ಸುರಿದು ಹೋಗುತ್ತಿವೆ, ನಾವು ಮನೆ ಮುಟ್ಟುತ್ತೇವೆ, ಅದರಲ್ಲಿ ಇನ್ನು ಅನುಮಾನವಿಲ್ಲ, ಹಿನ್ನೆರ್ಕ್ ಪರದೆ ಹೊಲಿಸುತ್ತಾನೆ, ಸೂಪು ತಣ್ಣಗಾಗ್ತಿದೆ ಕುಡಿಯೋ ಎಂದ, ಕುಡಿದೆ. ನಾಲ್ಕು ಗಂಟೆ. ಸಂಜೆ ಎಂದರೆ ಎಷ್ಟು ಹೊತ್ತಿಗೆ, ಬ್ರೆಸ್ಟಿನಲ್ಲಿ ಇನ್ನೂ ಬೆಳಕಿರುತ್ತದೆ. ನೆನಪು ಮಾಡಿಕೊಳ್ಳುವುದಿಲ್ಲ ಎಂದುಕೊಂಡೇ ಬೆಳಗಿನಿಂದ ಗಾಜಿಗೆ ಕಣ್ಣಿಟ್ಟಿದ್ದೆ, ಈಗ ಗಾಜಿನಲ್ಲಿ ಬೂದು ಬಿಟ್ಟು ಏನಿಲ್ಲ, ನಿನ್ನೆ ಬುಧವಾರ ಮಧ್ಯಾಹ್ನ ನನಗೆ ಅಲ್ಲಿ ಕೆಲಸವಿರಲಿಲ್ಲ, ಆದರೂ ಹೋದೆ, ನೋಡಬೇಕಿತ್ತು ನನಗೆ, ನನ್ನ ಮೂಗಿನ ಕೆಲಸವನ್ನು ಕಣ್ಣಿನಿಂದ ನೋಡಬೇಕಿತ್ತು, ಬ್ರೆಡ್ಡಿನ ಅಂಗಡಿಯ ಮೂಲೆಯಲ್ಲಿ ನಿಂತೆ, ಒಗೆಮನೆಯ ಮುಂದೆ ಕಪ್ಪು ಕಾರು, ಇಬ್ಬರು ಅವಳನ್ನು ಕರೆದುಕೊಂಡು ಹೊರಬಂದರು, ಕೆಲಸದ ನಡುವಿನಿಂದ ಎಬ್ಬಿಸಿದ್ದರು, ಅಂಗಿಯ ತೋಳು ಮೊಣಕೈಯವರೆಗೆ ಮಡಿಚಿತ್ತು, ಕೈ ತುಂಬ ಸೋಪಿನ ನೊರೆ, ಫೆಬ್ರವರಿಯ ಚಳಿಯಲ್ಲಿ ಆ ಕೈಗಳಿಂದ ಹಬೆ ಏಳುತ್ತಿತ್ತು, ಮೊಳೆಗೆ ತೂಗುಹಾಕಿದ ಒರೆಸುವ ಬಟ್ಟೆಯ ಕಡೆ ಚಾಚಿದಳು, ಬೇಡ ನಡಿ ಎಂದರು. ಆಗ ನನ್ನನ್ನು ಕಂಡಳು. ಅವಳ ಮುಖ ಅರಳಿತು. ಅರಳಿತು, ನಾನು ಕಣ್ಣಾರೆ ಕಂಡೆ. ಸುಂಕದವ್ರೇ, ಒಳ್ಳೇದಾಯ್ತು ಬಂದ್ರಿ, ಇವ್ರು ಏನೋ ತಪ್ಪು ತಿಳ್ಕೊಂಡಿದ್ದಾರೆ, ಹೋಗ್ಬರ್ತೀನಿ, ಹಂಡೆ ಒಲೆ ಮೇಲಿದೆ, ನಿಮ್ಮ ಅಂಗೀನೇ ಒಳಗಿರೋದು, ಸ್ವಲ್ಪ ಬೆಂಕಿ ಎಳೀರಿ, ಇಲ್ದಿದ್ರೆ ಸೀದ್ಹೋಗತ್ತೆ. ನಾನು ಹೂಂ ಎಂದೆ. ಹೂಂ ಎಂದೆ, ಒಳಗೆ ಹೋಗಲಿಲ್ಲ, ಬೆಂಕಿ ಎಳೆಯಲಿಲ್ಲ, ಹಡಗಿನ ಕಡೆ ನಡೆದೆ, ಕಾರು ನನ್ನ ಪಕ್ಕದಿಂದಲೇ ಇಳಿದು ಹೋಯಿತು, ಹಿಂದಿನ ಸೀಟಿನಲ್ಲಿ ಇಬ್ಬರ ನಡುವೆ ಅವಳು, ಕಾರಿನ ಸೀಟು ಒದ್ದೆಯಾದೀತೆಂದು ಕೈಗಳನ್ನು ಎತ್ತಿ ಹಿಡಿದಿದ್ದಳು, ಯಾರಿಗೂ ತಾಗದ ಹಾಗೆ, ಮಡಿಲಿಗೂ ತಾಗದ ಹಾಗೆ, ಎಡ ಮಗ್ಗುಲಿಗೆ ಏನಾದ್ರೂ ಕಾಣ್ತಿದೆಯಾ ಎಂದು ಮೇಲಿನಿಂದ ಯಾರೋ ಕೂಗುತ್ತಿದ್ದಾರೆ, ಕಾಣುತ್ತಿದೆ, ಗಾಜು ಒರೆಸಿದೆ, ಮತ್ತೆ ಒರೆಸಿದೆ, ಎತ್ತಿ ಹಿಡಿದ ಎರಡು ಕೈ, ನೊರೆ ಮೊಣಕೈಗೆ ಇಳಿಯುತ್ತಿದೆ, ಎರಡು ಒದ್ದೆ ಕೈ, ಯಾರಾದರೂ ಒಂದು ಬಟ್ಟೆ ಕೊಡಿ, ಎರಡು ಕೈ